ತಳದ ಮುದ್ರೆ, ಕುಂಚದ ಗೆರೆ

ಹಳೆಯ ಸಾಮಾನಿನ ಸಂತೆಯಲ್ಲಿ ಹೂದಾನಿ ಕೊಳ್ಳುವವರನ್ನು ದೂರದಿಂದಲೇ ಗುರುತು ಹಿಡಿಯಬಹುದು. ಕೈಗೆ ತೆಗೆದುಕೊಂಡ ಕೂಡಲೇ ತಲೆಕೆಳಗು ಮಾಡುತ್ತಾರೆ. ತಳದಲ್ಲಿ ಒಂದು ಹೆಸರೋ ಕಿರೀಟವೋ ಹುಂಜವೋ ಕಂಡರೆ ಮುಖ ಅರಳುತ್ತದೆ, ಏನೂ ಇಲ್ಲದಿದ್ದರೆ ಇದ್ದಲ್ಲೇ ಇಟ್ಟು ಮುಂದಿನ ಅಂಗಡಿಗೆ ನಡೆಯುತ್ತಾರೆ. ತಳ ನೋಡಬೇಕಾದ್ದೇ. ಆದರೆ ಇಟಲಿಯ ಸೆರಾಮಿಕ್ ವಿಷಯದಲ್ಲಿ ಮುದ್ರೆಯನ್ನು ಎಲ್ಲಕ್ಕಿಂತ ಕೊನೆಗೆ ಓದಬೇಕು ಎನ್ನುವ ಪಕ್ಷ ನನ್ನದು. ಮಿಲಾನಿನಲ್ಲಿ ನೆಲೆಸಿದ ಮೇಲೆ, ತಿಂಗಳ ಕೊನೆಯ ಭಾನುವಾರ ನವೀಲಿ ಕಾಲುವೆಯ ದಂಡೆಯಲ್ಲಿ ಸೇರುವ ಸಂತೆಯಲ್ಲಿ ಅಡ್ಡಾಡುತ್ತಾ ಅಡ್ಡಾಡುತ್ತಾ ಬಲಿತ ಅಭಿಪ್ರಾಯ ಇದು. ಊರಿನಿಂದ ಬರುವ ಗೆಳೆಯರು "ಒಂದು ಒಳ್ಳೇ ಇಟಾಲಿಯನ್ ವೇಸ್ ಕೊಡಿಸಿಕೊಡು ಮಾರಾಯ" ಅಂದಾಗಲೆಲ್ಲ ಇದನ್ನೇ ಹೇಳುತ್ತಾ ಬಂದಿದ್ದೇನೆ. ಈ ಸಲ ಬರೆದೇ ಬಿಡೋಣ ಅನ್ನಿಸಿತು.

ಮುದ್ರೆಯ ಮೇಲೆ ಇಷ್ಟು ಅಪನಂಬಿಕೆ ಯಾಕೆಂದರೆ, ಅದಕ್ಕೆ ನೇಪಲ್ಸಿನ ಕಥೆ ಕೇಳಬೇಕು. ಬೂರ್ಬನ್ ಮನೆತನದ ದೊರೆ ಚಾರ್ಲ್ಸ್ 1743ರಲ್ಲಿ ಕಾಪೋದಿಮೋಂತೆ ಗುಡ್ಡದ ಮೇಲೆ ಪಿಂಗಾಣಿ ಕಾರ್ಖಾನೆ ತೆಗೆದ. 1759ರಲ್ಲಿ ಸ್ಪೇನಿನ ಪಟ್ಟ ಸಿಕ್ಕಿದಾಗ ಕೆಲಸಗಾರರು, ಸಲಕರಣೆ ಎಲ್ಲವನ್ನೂ ಕಟ್ಟಿಕೊಂಡು ಮ್ಯಾಡ್ರಿಡ್‌ಗೆ ಹೊರಟುಹೋದ. ಆ ಹದಿನಾರು ವರ್ಷದ ಸರಕಿಗೆ ಇದ್ದದ್ದು ಲಿಲ್ಲಿ ಹೂವಿನ ಗುರುತು. ಮುಂದೆ 1771ರಲ್ಲಿ ಅವನ ಮಗ ಫರ್ಡಿನಾಂಡ್ ಕೆಲಸವನ್ನು ಮತ್ತೆ ಶುರುಮಾಡಿಸಿದ ಮೇಲೆ ಬಂದದ್ದು ಕಿರೀಟದ ಕೆಳಗೆ 'ಎನ್' ಅಕ್ಷರ. ಆ ಕಾರ್ಖಾನೆಯೂ ಮುಚ್ಚಿದ ನಂತರ ಫ್ಲಾರೆನ್ಸ್ ಹತ್ತಿರದ ದೊಚ್ಚಾದ ಜಿನೋರಿಯವರು ಅದೇ ಕಿರೀಟ, ಅದೇ ಅಕ್ಷರ ಹಾಕಿದರು. ಅವರನ್ನು ನೋಡಿ ಜರ್ಮನಿ, ಫ್ರಾನ್ಸಿನವರೂ ಹಾಕಿದರು. ಇಪ್ಪತ್ತನೇ ಶತಮಾನದಲ್ಲಂತೂ ಗುಲಾಬಿ ಗೊಂಚಲು ಮೆತ್ತಿದ ಉಡುಗೊರೆ ಅಂಗಡಿಯ ಸಾಮಾನಿಗೆಲ್ಲ ಅದೇ ಕಿರೀಟ ಬಿತ್ತು. ಹಾಗಾಗಿ ಯಾರಾದರೂ ಕಿರೀಟದ 'ಎನ್' ತೋರಿಸಿ "ಇದು 1743ರ ಕಾಪೋದಿಮೋಂತೆ" ಅಂದರೆ ಆ ಮಾತು ಬಾಯಿಂದ ಹೊರಡುವಾಗಲೇ ಸುಳ್ಳು. 1743ರಲ್ಲಿ ಆ ಮುದ್ರೆ ಹುಟ್ಟೇ ಇರಲಿಲ್ಲ.

ಮುದ್ರೆ ಕೊಡುವ ಒಂದು ಉಪಯುಕ್ತ ಸುಳಿವು ಮಾತ್ರ ಇದೆ, ಅದೂ ಇಟಲಿಯ ಕೃಪೆಯಿಂದ ಬಂದದ್ದಲ್ಲ. ಆಮದಾಗುವ ಸರಕಿನ ಮೇಲೆ ತಯಾರಾದ ದೇಶದ ಹೆಸರು ಇಂಗ್ಲಿಷಿನಲ್ಲಿ ಇರಬೇಕೆಂದು ಅಮೆರಿಕ 1890ರ ಸುಂಕ ಕಾಯ್ದೆಯಲ್ಲಿ ಕಟ್ಟಳೆ ಮಾಡಿತು. ತಳದಲ್ಲಿ 'ಇಟಲಿ' ಎಂದು ಇಂಗ್ಲಿಷ್ ಅಕ್ಷರದಲ್ಲಿದ್ದರೆ ಆ ವಸ್ತು ಬಹುಮಟ್ಟಿಗೆ ಅಲ್ಲಿಂದೀಚಿನದು. 'ಮೇಡ್ ಇನ್ ಇಟಲಿ' ಎಂದೇ ಇದ್ದರೆ ಇನ್ನೂ ಈಚಿನದು, ಇಪ್ಪತ್ತನೇ ಶತಮಾನದ್ದು. ಹಾಗೆ ಬರೆದ ಜಾಡಿಯನ್ನು ಹದಿನಾರನೇ ಶತಮಾನದ್ದೆಂದು ಮಾರುವವರ ಜೊತೆ ಚೌಕಾಸಿಗೂ ನಿಲ್ಲಬೇಡಿ.

ಹಾಗಾದರೆ ಏನು ನೋಡಬೇಕು? ಮೊದಲು ಕೈಕೆಲಸ. ಅದು ಗೊತ್ತಾಗಬೇಕಾದರೆ ಮಯೋಲಿಕಾ, ಅಂದರೆ ಬಿಳಿ ಮೆರುಗಿನ (ಗ್ಲೇಜ್) ಮೇಲೆ ಚಿತ್ರ ಬರೆದ ಇಟಲಿಯ ಮಣ್ಣಿನ ಪಾತ್ರೆ, ಹೇಗೆ ಮಾಡುತ್ತಾರೆ ಅನ್ನುವುದು ಸ್ವಲ್ಪ ತಿಳಿದಿರಬೇಕು. ಫಯೆಂಝಾ, ದೆರೂತಾ, ಊರ್ಬಿನೋ, ಮೊಂತೆಲೂಪೊ, ಅಬ್ರುತ್ಸೋದ ಕಾಸ್ತೆಲ್ಲಿ, ಸಿಸಿಲಿಯ ಕಾಲ್ತಾಜಿರೋನೆ, ಇಲ್ಲೆಲ್ಲ ಶತಮಾನಗಳಿಂದ ನಡೆದುಬಂದ ಕೆಲಸ ಅದು. ಸಾಧಾರಣ ಜೇಡಿಮಣ್ಣನ್ನು ತಿಗರಿಯಲ್ಲಿ ಎತ್ತಿ, ಒಣಗಿಸಿ, ಒಮ್ಮೆ ಸುಡುತ್ತಾರೆ. ಆಮೇಲೆ ಸೀಸದ ಮೆರುಗಿಗೆ ತವರದ ಬೂದಿ ಬೆರೆಸಿದ ನೀರಿನಲ್ಲಿ ಅದ್ದುತ್ತಾರೆ. ತವರ ಸೇರಿದ್ದರಿಂದಲೇ ಮೆರುಗು ಪಾರದರ್ಶಕವಾಗದೆ ಹಾಲಿನಂತೆ ಬೆಳ್ಳಗಾಗಿ ಮಣ್ಣಿನ ಬಣ್ಣವನ್ನು ಮುಚ್ಚುವುದು. ಅದ್ದಿ ತೆಗೆದಾಗ ಮೇಲ್ಮೈ ಸುಣ್ಣ ಬಳಿದ ಗೋಡೆಯಂತೆ ಪುಡಿಪುಡಿ, ಮುಟ್ಟಿದರೆ ನೀರು ಹೀರುತ್ತದೆ. ಚಿತ್ರ ಬರೆಯುವುದು ಆ ಹಸಿ ಪುಡಿಯ ಮೇಲೆ. ಕೋಬಾಲ್ಟಿನ ನೀಲಿ, ತಾಮ್ರದ ಹಸಿರು, ಆಂಟಿಮನಿಯ ಹಳದಿ, ಮ್ಯಾಂಗನೀಸಿನ ನೇರಳೆಗಪ್ಪು: ಆವಿಗೆಯ ಬೆಂಕಿಯನ್ನು ತಾಳಿಕೊಳ್ಳುವ ಬಣ್ಣಗಳೇ ಬೆರಳೆಣಿಕೆಯಷ್ಟು. ಕುಂಚ ಮುಟ್ಟಿದ ಕ್ಷಣಕ್ಕೆ ಬಣ್ಣ ಒಳಗಿಳಿಯುತ್ತದೆ. ಒರೆಸುವಂತಿಲ್ಲ, ತಿದ್ದುವಂತಿಲ್ಲ. ಕೈ ಅರೆಕ್ಷಣ ತಡೆದರೆ ಅಲ್ಲೊಂದು ಬೊಟ್ಟು. ಎರಡನೇ ಸಲ ಸುಟ್ಟಾಗ ಬಣ್ಣ, ಮೆರುಗು ಒಂದಾಗಿ, ಚಿತ್ರಕಾರ ಹೇಗೆ ಬರೆದನೋ ಹಾಗೆಯೇ ಅದು ನಿಂತುಬಿಡುತ್ತದೆ.

ಈ ಕೆಲಸವನ್ನೆಲ್ಲ ಕಾಸ್ತೆಲ್ ದುರಾಂತೆ ಊರಿನ ಚಿಪ್ರಿಯಾನೊ ಪಿಕ್ಕೋಲ್ಪಾಸ್ಸೊ 1557ರ ಸುಮಾರಿಗೆ ಮೂರು ಭಾಗದ ಪುಸ್ತಕವಾಗಿ ಬರೆದಿಟ್ಟ. ಅದರ ಹಸ್ತಪ್ರತಿ ಈಗ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿದೆ. ತಿಗರಿ, ಆವಿಗೆ, ಬಣ್ಣ ಅರೆಯುವ ಬೀಸುಕಲ್ಲು ಎಲ್ಲವನ್ನೂ ಚಿತ್ರ ಸಮೇತ ತೋರಿಸಿದ್ದಾನೆ. ಆ ಕಾಲದಲ್ಲಿ ಕಸುಬಿನ ಗುಟ್ಟನ್ನು ಇಷ್ಟು ಬಿಚ್ಚಿ ಬರೆದವರು ಅಪರೂಪ.

ನನ್ನ ಓದುವ ಮೇಜಿನ ಪಕ್ಕದಲ್ಲೊಂದು ಔಷಧಿ ಜಾಡಿ ಇದೆ. ಇಟಲಿಯವರು ಆಲ್ಬರೆಲ್ಲೊ ಅನ್ನುವ ಆಕಾರ: ನೆಟ್ಟಗಿನ ಮೈ, ಸೊಂಟದಲ್ಲಿ ಸಣ್ಣಗೆ ಒಳಗೆ ಸರಿದಿರುತ್ತದೆ. ಔಷಧಿ ಅಂಗಡಿಯ ಕಪಾಟಿನಲ್ಲಿ ಒತ್ತೊತ್ತಾಗಿ ಇಟ್ಟಿದ್ದರೂ ಬೆರಳು ತೂರಿಸಿ ಎತ್ತಲು ಆ ಸೊಂಟ. ಬಾಯಿಯ ಅಂಚು ಹೊರಗೆ ಚಾಚಿರುವುದು ಬಟ್ಟೆಯೋ ಚರ್ಮವೋ ಹೊದಿಸಿ ದಾರ ಕಟ್ಟಲು. ನನ್ನದು ಯೂರೋಪಿನ ನವೋದಯ (ರಿನೈಸಾನ್ಸ್) ಕಾಲದ್ದೇನಲ್ಲ, ಆ ಶೈಲಿಯಲ್ಲಿ ನೂರು ವರ್ಷದ ಹಿಂದೆ ಯಾರೋ ಮಾಡಿದ್ದು. ತಳದಲ್ಲಿ ಯಾವ ಮುದ್ರೆಯೂ ಇಲ್ಲ. ನೀಲಿ ಎಲೆಬಳ್ಳಿ ಸುತ್ತ ಹರಿದಿದೆ. ಒಂದೊಂದು ಎಲೆಯೂ ಬುಡದಲ್ಲಿ ಕಡುನೀಲಿಯಾಗಿ ಹುಟ್ಟಿ ತುದಿಗೆ ಬರುವಾಗ ತಿಳಿಯಾಗುತ್ತದೆ, ಕುಂಚದಲ್ಲಿ ಬಣ್ಣ ಮುಗಿಯುತ್ತಾ ಬಂದ ಲೆಕ್ಕ. ಬಳ್ಳಿ ಒಂದು ಸುತ್ತು ಮುಗಿಸಿ ಶುರುವಾದಲ್ಲಿಗೆ ಬಂದಾಗ ಜಾಗ ಸಾಲದೆ ಕೊನೆಯ ಎಲೆಯನ್ನು ಇರುಕಿಸಿ, ಅರ್ಧ ಗಾತ್ರಕ್ಕೆ ಬರೆದಿದ್ದಾರೆ. ತಳದ ಹತ್ತಿರ ಸಾಸಿವೆ ಗಾತ್ರದ ಮೂರು ಗಾಯ ಇವೆ, ಆವಿಗೆಯಲ್ಲಿ ಮೊಳೆಯಂಥ ಮೂರು ಮೊನೆಗಳ ಮೇಲೆ ಕೂರಿಸಿದ್ದರ ಗುರುತು. ಅಚ್ಚೊತ್ತಿದ ಚಿತ್ರದಲ್ಲಿ ಆ ಇರುಕಿದ ಎಲೆ ಸಿಗುವುದಿಲ್ಲ. ಅದರಲ್ಲಿ ಎಲ್ಲ ಎಲೆಯೂ ಒಂದೇ ಅಳತೆ, ಒಂದೇ ಬಣ್ಣ. ಭೂತಗನ್ನಡಿ ಹಿಡಿದರೆ ಚುಕ್ಕಿ ಚುಕ್ಕಿ ಕಾಣುತ್ತದೆ. ಕೈಯಿಂದ ಬರೆದದ್ದಾದರೂ ಎಲ್ಲ ಕಡೆ ಒಂದೇ ದಪ್ಪದ, ಭಯಭೀತ ಗೆರೆ ಕಂಡರೆ ಅದು ನಕಲು ಮಾಡುವವನ ಕೈ. ಬಲ್ಲವನ ಗೆರೆ ತೆಳುವಾಗಿ, ದಪ್ಪವಾಗಿ, ಒಂದೇ ಉಸಿರಿಗೆ ಹೋಗುತ್ತದೆ.

ನಕಲು ಎಂದ ಮಾತ್ರಕ್ಕೆ ಕೀಳಲ್ಲ ಎನ್ನುವುದನ್ನೂ ಇಲ್ಲೇ ಹೇಳಬೇಕು. ಹತ್ತೊಂಬತ್ತನೇ ಶತಮಾನದ ಕೊನೆಗೆ ಇಟಲಿ ತನ್ನ ಹಳೆಯ ಮಯೋಲಿಕಾವನ್ನು ಮತ್ತೆ ಮಾಡಲು ಹೊರಟಿತು. ಫ್ಲಾರೆನ್ಸಿನ ಉಲಿಸ್ಸೆ ಕಾಂತಾಗಲ್ಲಿ 1878ರಿಂದ ಊರ್ಬಿನೋ, ದೆರೂತಾ ಶೈಲಿಯಲ್ಲೂ ತುರ್ಕಿಯ ಇಝ್ನಿಕ್ ಶೈಲಿಯಲ್ಲೂ ಹೂದಾನಿ ಮಾಡಿಸಿ, ತನ್ನ ಮನೆತನದ ಹೆಸರಿಗೆ ತಕ್ಕಂತೆ ತಳದಲ್ಲಿ ಕೂಗುವ ಹುಂಜ ಬರೆಸಿದ. ಇಂಗ್ಲೆಂಡಿನ ವಿಲಿಯಂ ಡಿ ಮಾರ್ಗನ್ ಕೂಡ ಫ್ಲಾರೆನ್ಸಿನಲ್ಲಿ ಅವನ ಕಾರ್ಖಾನೆಯ ಜೊತೆ ಕೆಲಸ ಮಾಡಿದ್ದ. ಆ ಹುಂಜದ ಹೂದಾನಿಗಳಿಗೆ ಈಗ ನೂರು ವರ್ಷ ದಾಟಿದೆ. ನೂರು ದಾಟಿದ್ದು ಆಂಟಿಕ್, ಅದಕ್ಕಿಂತ ಈಚಿನದು ವಿಂಟೇಜ್ ಎನ್ನುವುದು ವ್ಯಾಪಾರದ ರೂಢಿ. ಸುಂಕದ ಪಟ್ಟಿಯಲ್ಲೂ ಆಂಟಿಕ್‌ಗೆ ನೂರು ವರ್ಷವೇ ಗಡಿ. ಆ ಲೆಕ್ಕದಲ್ಲಿ ಕಾಂತಾಗಲ್ಲಿಯ ನಕಲೇ ಈಗ ಅಸಲಿ ಆಂಟಿಕ್. ಹದಿನಾರನೇ ಶತಮಾನದ ನಿಜವಾದ ಊರ್ಬಿನೋ ಪಾತ್ರೆ ನಮ್ಮಂಥವರ ಮನೆಗೆ ಬರುವುದಿಲ್ಲ, ಬರಲೂಬಾರದು. ಅದನ್ನು ಫಯೆಂಝಾದಲ್ಲಿ ನೋಡಿಕೊಂಡು ಬನ್ನಿ. ಅಲ್ಲಿನ ಅಂತರರಾಷ್ಟ್ರೀಯ ಸೆರಾಮಿಕ್ ಮ್ಯೂಸಿಯಂ 1908ರಲ್ಲಿ ಶುರುವಾದದ್ದು, 1944ರಲ್ಲಿ ಬಾಂಬು ಬಿದ್ದು ಬಹುಪಾಲು ನುಚ್ಚುನೂರಾಯಿತು. ಚೂರುಗಳನ್ನು ಆಯ್ದು ಅಂಟಿಸಿ, ಹೊಸದಾಗಿ ಬಂದ ದಾನಗಳನ್ನು ಸೇರಿಸಿ ಮತ್ತೆ ಕಟ್ಟಿದರು. ದಾನ ಕೊಟ್ಟವರಲ್ಲಿ ಪಿಕಾಸೊ ಕೂಡ ಒಬ್ಬ.

ಇನ್ನು ವಿಂಟೇಜ್. ಮನೆಗೆ ಅಂತ ಕೊಳ್ಳುವವರಿಗೆ ನನ್ನ ಒಲವು ಇದರ ಕಡೆಗೇ. ಎರಡನೇ ಮಹಾಯುದ್ಧ ಮುಗಿದು ಇಟಲಿ ಕೈ ಬರಿದಾಗಿ ಕೂತಿದ್ದಾಗ ಅಮೆರಿಕದ ಆಮದುದಾರರು ಬಂದು ಸೆರಾಮಿಕ್ ಕೊಳ್ಳತೊಡಗಿದರು. ಫ್ಲಾರೆನ್ಸ್ ಬಳಿಯ ಮೊಂತೆಲೂಪೊದಲ್ಲಿ 1921ರಲ್ಲಿ ಹುಟ್ಟಿದ್ದ ಬಿತೊಸ್ಸಿ ಕಾರ್ಖಾನೆಗೆ 1946ರಲ್ಲಿ ಆಲ್ದೊ ಲೊಂದಿ ಕಲಾ ನಿರ್ದೇಶಕನಾಗಿ ಬಂದ. ಅವನ 'ರಿಮಿನಿ ಬ್ಲೂ' ಮಾಲಿಕೆ ಐವತ್ತರ ದಶಕದ್ದು. ಅದನ್ನು ಫೋಟೋದಲ್ಲಿ ನೋಡಿದರೆ ಬರೀ ನೀಲಿ. ಕಿಟಕಿಯ ಹತ್ತಿರ ಹಿಡಿದು ನೋಡಿ: ಹಸಿ ಮಣ್ಣಿನ ಮೇಲೆ ಸಣ್ಣ ಸಣ್ಣ ಉಪಕರಣದಿಂದ ಒಂದೊಂದಾಗಿ ಒತ್ತಿದ ವೃತ್ತ, ಗೀಟು, ನಕ್ಷತ್ರ, ಬಾಚಣಿಗೆ ಹಲ್ಲಿನಂಥ ಸಾಲು. ಮೆರುಗು ಕರಗಿ ಆ ತಗ್ಗುಗಳಲ್ಲಿ ಮಡುಗಟ್ಟಿದ ಕಡೆ ಹಸಿರು ಇಣುಕುತ್ತದೆ, ಏರಿನಲ್ಲಿ ಜಾರಿದ ಕಡೆ ಕಪ್ಪಾಗುತ್ತದೆ. ಒತ್ತಿದ ಸಾಲುಗಳು ಒಂದಕ್ಕೊಂದು ಪೂರಾ ನೇರ ಇರುವುದಿಲ್ಲ, ಒತ್ತಿದ ಆಳವೂ ಬೇರೆ ಬೇರೆ. ತಿದ್ದಲಾಗದ ಕುಂಚ ಹೇಳಿದ್ದನ್ನೇ ಇಲ್ಲಿ ಒತ್ತುಗುರುತು ಹೇಳುತ್ತದೆ. ತಳದಲ್ಲಿ ಸಿಗುವುದು ಸಾಮಾನ್ಯವಾಗಿ ಕುಂಚದಲ್ಲಿ ಗೀಚಿದ ಒಂದು ಸಂಖ್ಯೆ, 'ಇಟಲಿ' ಎನ್ನುವ ಪದ, ಅಷ್ಟೇ. ಕಾರ್ಖಾನೆಯ ಹೆಸರು ಇರದ ತುಂಡುಗಳೇ ಹೆಚ್ಚು. ಹೆಸರು ಹುಡುಕುವವರು ಬಿಟ್ಟುಹೋಗುವುದರಿಂದ ಎಷ್ಟೋ ಒಳ್ಳೆಯ ತುಂಡು ಅಗ್ಗಕ್ಕೆ ಉಳಿದಿರುತ್ತದೆ. ಒಂದು ಎಚ್ಚರ: ಬಿತೊಸ್ಸಿಯವರು ರಿಮಿನಿ ಬ್ಲೂವನ್ನು ಇಂದಿಗೂ ಮಾಡುತ್ತಾರೆ. ಅದರಲ್ಲಿ ತಪ್ಪೇನಿಲ್ಲ, ಹಳೆಯದರ ಬೆಲೆ ಕೇಳಿದಾಗ ಮಾತ್ರ ತಪ್ಪು.

ಇದೇ ಬಿತೊಸ್ಸಿಯ ಆವಿಗೆಯಲ್ಲಿ ನಮಗೆ ಸಂಬಂಧಪಟ್ಟ ಒಂದು ಕಥೆಯೂ ಬೆಂದಿದೆ. ವಾಸ್ತುಶಿಲ್ಪಿ ಎತ್ತೊರೆ ಸೊತ್ಸಾಸ್ ಐವತ್ತರ ದಶಕದಿಂದಲೇ ಅವರಿಗೆ ಹೂದಾನಿ ವಿನ್ಯಾಸ ಮಾಡುತ್ತಿದ್ದ. 1961ರಲ್ಲಿ ಭಾರತ ಸುತ್ತಿಬಂದ. ಹಿಂತಿರುಗಿದ ಮೇಲೆ ಪ್ರಾಣಕ್ಕೇ ಸಂಚಕಾರ ಬರುವಂಥ ಕಾಯಿಲೆ ಬಿದ್ದು ಕ್ಯಾಲಿಫೋರ್ನಿಯಾದ ಪಾಲೊ ಆಲ್ಟೊದ ಆಸ್ಪತ್ರೆ ಸೇರಿದ. ಬದುಕಿ ಬಂದವನು 1963ರಲ್ಲಿ 'ಕತ್ತಲೆಯ ಸೆರಾಮಿಕ್' ಎಂಬ ಮಾಲಿಕೆ, 1964ರಲ್ಲಿ 'ಶಿವನಿಗೆ ಕಾಣಿಕೆ' ಎಂಬ ತಟ್ಟೆಗಳ ಮಾಲಿಕೆ ಮಾಡಿದ. ಅರವತ್ತರ ದಶಕ ಮುಗಿಯುವಾಗ 'ಯಂತ್ರ' ಎಂದೇ ಹೆಸರಿಟ್ಟ ಹೂದಾನಿಗಳು ಬಂದವು. ನಮ್ಮ ಪೂಜೆಯ ಯಂತ್ರದ ಚೌಕ, ವೃತ್ತಗಳನ್ನು ಅವನು ಮಣ್ಣಿನಲ್ಲಿ ಎಬ್ಬಿಸಿ ನಿಲ್ಲಿಸಿದಂತೆ ಕಾಣುತ್ತದೆ. ಮನೆಯಲ್ಲಿ ಶ್ರೀಚಕ್ರ ನೋಡುತ್ತಾ ಬೆಳೆದವರಿಗೆ ಇದನ್ನು ನೋಡಿದಾಗ ಸ್ವಲ್ಪ ಕಸಿವಿಸಿ ಆದೀತು, ನನಗಾಗಿದೆ. ಆದರೂ ಪರದೇಶದವನು ಸಾವಿನ ಅಂಚಿಗೆ ಹೋಗಿ ಬಂದು ಮಾಡಿದ ಕೆಲಸದಲ್ಲಿ ತೋರಿಕೆ ಕಾಣಲಿಲ್ಲ. ಬೆಲೆ ಮಾತ್ರ ನಮ್ಮ ಕೈಗೆಟಕುವಂಥದ್ದಲ್ಲ.

ಕೈಗೆಟಕದವರ ಸಾಲಿನಲ್ಲೇ 1923ರಲ್ಲಿ ಜಿನೋರಿ ಸೇರಿ ಪಿಂಗಾಣಿಯ ಮೇಲೆ ಕಂಬ, ಕಮಾನು, ದೇವತೆಯರನ್ನು ಬರೆಸಿದ ಜೊ ಪೊಂತಿ ಇದ್ದಾನೆ. ತಳದಲ್ಲಿ ಕತ್ತೆಮರಿಯ ಗುರುತು ಹಾಕುತ್ತಿದ್ದ ಸೆರಾಮಿಕ್ ಕಲಾವಿದ ಗ್ವಿದೊ ಗಾಂಬೊನೆಯೂ ಆ ಕಡೆಗೇ ಜಾರುತ್ತಿದ್ದಾನೆ. ಮಾರ್ಚೆಲ್ಲೊ ಫಾಂತೋನಿಯ ಒರಟು ಮೈಯ ಹೂದಾನಿ ಅದೃಷ್ಟವಿದ್ದರೆ ಸಿಕ್ಕೀತು. ಇವರ ಸಹಿಗೆ ಬೆಲೆ ಇರುವುದರಿಂದಲೇ ಇವರ ಹೆಸರಿನ ಸುಳ್ಳು ಸಹಿಯೂ ಚಲಾವಣೆಯಲ್ಲಿದೆ. ಸಿಸಿಲಿಯ ತಲೆಯಾಕಾರದ ಹೂಕುಂಡಗಳ ಬಗ್ಗೆ ಕೇಳುವವರಿದ್ದಾರೆ. ಪಾಲೆರ್ಮೊದ ಹುಡುಗಿಯೊಬ್ಬಳು ಮೋಸ ಮಾಡಿದ ಪ್ರಿಯಕರನ ತಲೆ ಕತ್ತರಿಸಿ ಅದರಲ್ಲಿ ಬೇಸಿಲ್ ಗಿಡ ಬೆಳೆಸಿದಳೆಂಬ ದಂತಕಥೆಯ ವಸ್ತು ಅದು. ತುಳಸಿಯ ಬಂಧುವನ್ನು ಕಡಿದ ತಲೆಯಲ್ಲಿ ಬೆಳೆಸುವ ಆಸೆ ನನಗಂತೂ ಇಲ್ಲ.

ಕೈಯ ಕೆಲಸ ಮನಸ್ಸಿಗೆ ಬಂದ ಮೇಲೆ ದೇಹ ಪರೀಕ್ಷೆ. ಊರಲ್ಲಿ ಗಡಿಗೆ ಕೊಳ್ಳುವಾಗ ಬೆರಳಿನ ಗೆಣ್ಣಿನಿಂದ ತಟ್ಟಿ ನೋಡುತ್ತೇವಲ್ಲ, ಇಲ್ಲೂ ಅದೇ. ಅಂಗೈ ಮೇಲೆ ಸಡಿಲವಾಗಿ ಇಟ್ಟುಕೊಂಡು ಮೆಲ್ಲಗೆ ತಟ್ಟಿ. ಸೀಳು ಬಿಟ್ಟಿದ್ದರೆ, ಅಂಟಿಸಿದ್ದರೆ ಡಬ್ ಎಂದು ಸತ್ತ ಸದ್ದು. ಪಿಂಗಾಣಿಯಷ್ಟು ಇಂಪಾದ ನಾದವನ್ನು ಮಯೋಲಿಕಾದಿಂದ ಬಯಸಬೇಡಿ, ಅದು ಕಡಿಮೆ ಶಾಖದಲ್ಲಿ ಬೆಂದ ಮಣ್ಣು. ಕಣ್ಣು ಮುಚ್ಚಿ ಬೆರಳಾಡಿಸಿ: ರಿಪೇರಿ ಮಾಡಿ ಬಣ್ಣ ಬಳಿದ ಕಡೆ ಗಾಜಿನ ತಂಪು ಇರುವುದಿಲ್ಲ, ಪ್ಲಾಸ್ಟಿಕ್ ಮುಟ್ಟಿದಂತೆ ಬೆಚ್ಚಗಿರುತ್ತದೆ. ನೋಟು ಪರೀಕ್ಷಿಸುವ ಅಲ್ಟ್ರಾವಯಲೆಟ್ ಟಾರ್ಚ್ ಜೇಬಿನಲ್ಲಿದ್ದರೆ ಇನ್ನೂ ಸುಲಭ, ಹೊಸ ರಾಳ, ಬಣ್ಣ ಕತ್ತಲಲ್ಲಿ ಬೇರೆಯಾಗಿ ಹೊಳೆದು ಸಿಕ್ಕಿಬೀಳುತ್ತವೆ. ತಳದ ಉಂಗುರವನ್ನು ನೋಡಿ. ಎಷ್ಟೋ ವರ್ಷ ಮೇಜಿನಿಂದ ಕಪಾಟಿಗೆ, ಕಪಾಟಿನಿಂದ ಮೇಜಿಗೆ ಎಳೆದಾಡಿದ್ದು ಅಲ್ಲಲ್ಲಿ ಏರುಪೇರಾಗಿ ಸವೆದು, ಕೊಳೆ ಕೂತಿರಬೇಕು. ಸುತ್ತಲೂ ಒಂದೇ ಸಮನೆ ಉಜ್ಜಿದಂತಿದ್ದರೆ ಅದು ಮರಳುಕಾಗದದ ವಯಸ್ಸು. ಮೆರುಗಿನ ಬಲೆಬಿರುಕಿಗೂ ಇದೇ ಮಾತು. ಮಣ್ಣು, ಮೆರುಗು ಬೇರೆ ಬೇರೆ ಪ್ರಮಾಣದಲ್ಲಿ ಕುಗ್ಗುವುದರಿಂದ ಬರುವ ಬಿರುಕು ಅದು, ಹೊಸದರಲ್ಲೂ ಬರುತ್ತದೆ, ಬೇಕೆಂದೇ ತರಿಸಲೂಬಹುದು. ಅದನ್ನು ವಯಸ್ಸಿನ ಸಾಕ್ಷಿ ಅಂತ ಎಣಿಸಬೇಡಿ.

ಬಾಯಿ ಅಂಚಿನ ಮೆರುಗು ಚಿಕ್ಕದಾಗಿ ಎದ್ದಿದ್ದರೆ ನಾನು ಬೇಸರಪಡುವುದಿಲ್ಲ. ಬಳಸಿದ ಮಯೋಲಿಕಾ ಅಂಚಿನಲ್ಲಿ ಉದುರಿಯೇ ಉದುರುತ್ತದೆ, ಒಳಗಿನ ಮಣ್ಣಿನ ಬಣ್ಣವನ್ನೂ ತೋರಿಸಿಕೊಡುತ್ತದೆ. ಬೆಲೆಯೂ ಇಳಿಯುತ್ತದೆ. ಹೊಟ್ಟೆಯ ಮೇಲೆ ಓಡುವ ಸೀಳು, ಅಂಟಿಸಿದ ಹಿಡಿ, ಇವು ಬೇರೆ ಮಾತು. ಕಪಾಟಿನೊಳಗೆ ಇಡುವುದಾದರೆ ಸರಿ, ಮಕ್ಕಳು ಓಡಾಡುವ ಮನೆಗೆ ಬೇಡ.

ಮನೆಗೆ ತಂದ ಮೇಲೆ ನೇರವಾಗಿ ನೀರು ತುಂಬಬೇಡಿ. ಕಡಿಮೆ ಶಾಖದ ಮಣ್ಣು, ಒಳಗಡೆ ಮೆರುಗು ಬಿರುಕು ಬಿಟ್ಟಿದ್ದರೆ ಸಣ್ಣಗೆ ಜಿನುಗುತ್ತದೆ. ಬೆಳಗಾಗುವಷ್ಟರಲ್ಲಿ ಮರದ ಮೇಜಿನ ಮೇಲೆ ಬಿಳಿ ಉಂಗುರ. ಒಳಗೆ ಹಿಡಿಸುವ ಗಾಜಿನ ಲೋಟವೊಂದನ್ನು ಇಳಿಬಿಟ್ಟು ಅದರಲ್ಲಿ ಹೂ ಇಡಿ. ಮೆರುಗಿನಲ್ಲಿ ಸೀಸ ಇರುವುದರಿಂದ ಹಣ್ಣು, ತಿಂಡಿಗೆ ಬಳಸಲೇಬಾರದು. ಎಲ್ಲಿ ಇಡಬೇಕು ಅನ್ನುವುದಕ್ಕೆ ನನ್ನ ಹತ್ತಿರ ದೊಡ್ಡ ಶಾಸ್ತ್ರವಿಲ್ಲ. ತವರದ ಬಿಳುಪು ಹಗಲು ಬೆಳಕಿನಲ್ಲಿ ಎದ್ದು ಕಾಣುತ್ತದೆ, ಕಿಟಕಿಯ ಪಕ್ಕಕ್ಕೆ ಇಡಿ, ಬೆಳಕು ಪಕ್ಕದಿಂದ ಬೀಳಲಿ. ಲೊಂದಿ, ಫಾಂತೋನಿಯವರ ಒರಟು ಮೈಗೆ ಸಂಜೆಯ ದೀಪ ಸೇರುತ್ತದೆ. ಚಿತ್ರ ಗಿಜಿಗುಡುವ ಹೂದಾನಿಗೆ ಹೂವೇ ಬೇಡ, ಅದರ ಹಿಂದಿನ ಗೋಡೆಯೂ ಸಪ್ಪಗಿರಲಿ. ಜೋಡಿ ಬೇಕೆಂದು ಹಟ ಹಿಡಿದು ಎರಡನೆಯದಕ್ಕೆ ದುಪ್ಪಟ್ಟು ಕೊಡುವವರನ್ನು ಕಂಡಿದ್ದೇನೆ, ಆ ಹಣಕ್ಕೆ ಬೇರೆ ಕಾಲದ ಇನ್ನೊಂದು ಬರುತ್ತಿತ್ತು.

ಕೊಳ್ಳಲು ನವೀಲಿಗಿಂತ ತಸ್ಕನಿಯ ಅರೆತ್ಸೊ ಊರು ವಾಸಿ. 1968ರಿಂದ ನಡೆಯುತ್ತಿರುವ ಅಲ್ಲಿನ ಹಳೆ ಸಾಮಾನಿನ ಸಂತೆ ಪ್ರತಿ ತಿಂಗಳ ಮೊದಲ ಭಾನುವಾರ, ಅದರ ಹಿಂದಿನ ಶನಿವಾರ. ಶನಿವಾರ ಬೆಳಿಗ್ಗೆ ಹೋದರೆ ಆಯ್ಕೆ ಜಾಸ್ತಿ, ಭಾನುವಾರ ಸಂಜೆ ಹೋದರೆ ಬೆಲೆ ಮೆತ್ತಗಾಗಿರುತ್ತದೆ. ಊರಿಗೆ ಒಯ್ಯುವುದಾದರೆ ಇಟಲಿಯ ಕಾನೂನನ್ನು ಮರೆಯಬೇಡಿ. 2017ರಲ್ಲಿ ಬದಲಾದ ನಿಯಮದಂತೆ, ಮಾಡಿ 70 ವರ್ಷ ಮೀರಿದ, ಮಾಡಿದವರು ಬದುಕಿಲ್ಲದ ವಸ್ತು 13,500 ಯೂರೋಗಿಂತ ಕಡಿಮೆ ಬೆಲೆಯದ್ದಾಗಿದ್ದರೆ ರಫ್ತು ಪರವಾನಗಿ ಬೇಕಿಲ್ಲ, ಆದರೆ ರಫ್ತು ಕಚೇರಿಗೆ ಸ್ವಯಂಘೋಷಣೆ ಕೊಡಬೇಕು. ನೆಲದಿಂದ ಅಗೆದು ತೆಗೆದದ್ದಾದರೆ ಮುಟ್ಟಲೇ ಹೋಗಬೇಡಿ. ವಸ್ತು, ಅಂದಾಜು ಕಾಲ, ಕೊಟ್ಟ ಬೆಲೆ, ಮೂರೂ ಬರೆದ ರಸೀದಿ ಕೇಳಿ ಪಡೆಯಿರಿ. ಹೂದಾನಿಯ ಒಳಗೂ ಕಾಗದ ತುರುಕಿ, ಹಿಡಿ ಮತ್ತು ಮೈ ನಡುವಿನ ಸಂದಿಗೆ ಬಟ್ಟೆ ತುಂಬಿ, ಕೈಚೀಲದಲ್ಲೇ ವಿಮಾನ ಹತ್ತಿಸಿ. ಸೂಟ್‌ಕೇಸಿನ ನಡುಮಧ್ಯೆ ಸೀರೆ ಸುತ್ತಿ ಇಟ್ಟರೂ ಮೊದಲು ಮುರಿಯುವುದು ಹಿಡಿಯೇ.